ಎಲ್ಲರ ಮಾತೂ ಬಾಯಿಪಾಠ

ನಟರಿಗೆ ನಾನು ಹೇಳಿಕೊಡುವುದು ಒಂದೇ ಪಾಠ: ಎದುರಿನವರು ಮಾತಾಡುವಾಗ ಕೇಳಿಸಿಕೊಳ್ಳಿ. ನಾಟಕವಿರಲಿ, ಸಿನಿಮಾ ಇರಲಿ, ಇದನ್ನೇ ಹೇಳಿ ಹೇಳಿ ಹೊಟ್ಟೆ ಹೊರೆದಿದ್ದೇನೆ. ಕೇಳಿಸಿಕೊಳ್ಳದೆ ತನ್ನ ಸರದಿಗಾಗಿ ಕಾಯುತ್ತ ನಿಂತ ನಟನನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಆದರೆ ನನಗೂ ಒಂದು ಚಟವಿದೆ. ತಾಲೀಮಿನಲ್ಲಿ ಯಾರು ಮಾತಾಡಿದರೂ ಅವರ ಜೊತೆ ನನ್ನ ತುಟಿಯೂ ಆಡುತ್ತದೆ. ಸಿನಿಮಾ ಸೆಟ್ಟಿನಲ್ಲಿ ಕ್ಯಾಮೆರಾದವರು ನನ್ನನ್ನು ನಟರ ಕಣ್ಣಿಗೆ ಬೀಳದ ಮೂಲೆಯಲ್ಲಿ ಕೂರಿಸುತ್ತಾರೆ. ನಾಸಿಕ್ ರೋಡಿನ ನಮ್ಮ ನಾಟಕ ತಂಡದಲ್ಲಿ ಹಾಗೆ ಮಾಡುವ ಧೈರ್ಯವಿದ್ದದ್ದು ಒಬ್ಬರಿಗೇ.

ಆಕೆ ವಿಜಯಪುರದವರು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕೆಲಸ, ವರ್ಗವಾಗಿ ಬಂದು ಇಲ್ಲೇ ಉಳಿದವರು. ನನ್ನ ತಂದೆಯೂ ಹಾಗೆಯೇ ಬ್ಯಾಂಕಿನ ವರ್ಗಾವಣೆಯಲ್ಲಿ ಧಾರವಾಡದಿಂದ ಬಂದವರು. ಮರಾಠಿ ನಾಟಕ ಆಡುವ ಆ ತಂಡದಲ್ಲಿ ನಾವಿಬ್ಬರೇ ಕನ್ನಡದವರು.

“ಸರ್, ನಿಮ್ಮ ತುಟಿ ನೋಡಿದ್ರ ನನ್ನ ಮಾತು ಮರ್ತ್ ಹೋಗ್ತಾವ್ರಿ. ಅತ್ಲಾಗ ಮಾರಿ ಮಾಡಿ ಕೂಡ್ರಿ,” ಎನ್ನುತ್ತಿದ್ದರು. ನಾನು ಗೋಡೆಗೆ ಮುಖ ಮಾಡಿ ಕೂರುತ್ತಿದ್ದೆ. ಗೋಡೆಯೆದುರೂ ತುಟಿ ಆಡುತ್ತಿತ್ತು.

ಆ ವರ್ಷ ಸಂಭಾಜಿನಗರದ ಸ್ಪರ್ಧೆಗೆ ನಾವು ಒಯ್ದ ನಾಟಕದಲ್ಲಿ ಪಾತ್ರಗಳು ಎರಡೇ, ವಯಸ್ಸಾದ ಗಂಡ ಹೆಂಡತಿ. ಗಂಡ ಬಾಯಿ ಮುಚ್ಚದ ನಿವೃತ್ತ ಮಾಸ್ತರ. ಕೊನೆಯಲ್ಲಿ ಹೆಂಡತಿ, ಚಿಕ್ಕಂದಿನಲ್ಲೇ ತೀರಿಹೋದ ಮಗಳ ಮಾತೆತ್ತುತ್ತಾಳೆ: “ಅವತ್ತು ಮನೆಗೆ ಬಂದವರಿಗೆಲ್ಲ ನಾನೇ ಚಹಾ ಮಾಡಿದೆ. ನೀನು ಕುಡಿದೆಯಾ ಎಂದು ಯಾರೂ ಕೇಳಲಿಲ್ಲ.” ಈ ಮಾತನ್ನು ತಿಂಗಳುಗಟ್ಟಲೆ ತಿದ್ದಿದ್ದೆ. ಇಲ್ಲಿ ತಡೆಯಿರಿ, ಅಲ್ಲಿ ದನಿ ಇಳಿಸಿ, ಚಹಾದ ಮೇಲೆ ಒತ್ತು ಬೇಡ. ಆಕೆ ಹೇಳಿದ್ದು ನನಗೆ ಒಮ್ಮೆಯೂ ಸರಿ ಎನಿಸಿರಲಿಲ್ಲ.

ಹೊರಟ ದಿನ ಬೆಳಿಗ್ಗೆಯೇ ಗಂಡನ ಪಾತ್ರಧಾರಿಗೆ ಗಂಟಲು ಕಟ್ಟಿತ್ತು. ದಾರಿಯ ವೈಜಾಪುರದಲ್ಲಿ ಬಸ್ಸಿಳಿಸಿ ಬಿಸಿ ಹಾಲು ಕುಡಿಸಿದೆವು. ಗಂಗಾಪುರದ ಹತ್ತಿರ ಬರುವಾಗ ಬಾಯಿಂದ ಬರೀ ಗಾಳಿ ಬರುತ್ತಿತ್ತು. ಆಟ ರದ್ದಾದರೆ ಇಡೀ ತಂಡದ ದುಡಿಮೆ ಮಣ್ಣುಪಾಲು. ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು.

“ನೀವಽ ಮಾಡ್ರಿ ಸರ್. ನಿಮಗ ಎಲ್ಲಾರ ಮಾತೂ ಬಾಯಿಪಾಠ ಅದಾವಲ್ಲ,” ಎಂದರು ಆಕೆ. ಹಿಂದೆಯೇ ಸೇರಿಸಿದರು, “ಅದಽ ನನಗ ಅಂಜಿಕಿ. ನಾ ಮಾತಾಡೂವಾಗ ನೀವು ಬರೇ ಕೇಳ್ರಿ.”

ನನ್ನ ಪಾಠವನ್ನು ನನಗೇ ಒಪ್ಪಿಸುತ್ತಿದ್ದಾರಲ್ಲ ಎಂದು ಒಳಗೊಳಗೇ ಸಿಡುಕಿದೆ. ನಾನು ಬಣ್ಣ ಹಚ್ಚಿ ಯಾವ ಕಾಲವಾಗಿತ್ತೋ! ಮೂರನೇ ಗಂಟೆ ಬಾರಿಸಿ ಪರದೆ ಸರಿಯಿತು. ಆದರೂ ಮಾತು ತಪ್ಪಲಿಲ್ಲ, ಜನ ನಕ್ಕರು. ನನಗೆ ಕೋಡು ಮೂಡಿತು. ಆಕೆಯ ಕೊನೆಯ ಮಾತು ಬರುವ ಹೊತ್ತಿಗೆ ತುಟಿಯ ಕಡೆ ಲಕ್ಷ್ಯವೇ ಇರಲಿಲ್ಲ.

“ಅವತ್ತು ಮನೆಗೆ” ಎಂದು ಶುರು ಮಾಡಿದವರು ತಟ್ಟನೆ ನಿಲ್ಲಿಸಿದರು. ಮಾತು ಮರೆತರೇನೋ ಎಂದುಕೊಂಡೆ. ಆಮೇಲೆ ತಿಳಿಯಿತು, ನನ್ನ ತುಟಿ ಅವರಿಗಿಂತ ಮುಂದೆ ಓಡಿ ಚಹಾದವರೆಗೆ ಹೋಗಿಬಿಟ್ಟಿತ್ತು. ಆಕೆ ಎದ್ದು ಬಂದು ಅಂಗೈಯಿಂದ ನನ್ನ ಬಾಯನ್ನು ಗಟ್ಟಿಯಾಗಿ ಮುಚ್ಚಿದರು. “ಸುಮ್ಕ ಕೂಡ್ರಿ,” ಎಂದು ನನಗಷ್ಟೇ ಕೇಳುವಂತೆ ಕನ್ನಡದಲ್ಲಿ ಹೇಳಿ, ಕೈ ತೆಗೆಯದೆ ಮರಾಠಿಯಲ್ಲಿ ಮಾತು ಪೂರ್ತಿ ಮಾಡಿದರು.

ನಾನು ಹೇಳಿಕೊಟ್ಟ ಕಡೆ ಎಲ್ಲೂ ತಡೆಯಲಿಲ್ಲ. ಚಹಾದ ಮೇಲೆ ಒತ್ತು ಕೊಟ್ಟೇ ಹೇಳಿದರು. ಅಲ್ಲಿಯವರೆಗೆ ಆ ಮಾತಿನಲ್ಲಿ ನಾನು ಕೇಳುತ್ತಿದ್ದದ್ದು ನನ್ನದೇ ದನಿ. ಅವತ್ತು ಮೊದಲ ಸಲ ಆ ತಾಯಿ ಹೇಳಿದ್ದು ಕೇಳಿಸಿತು. ನನಗೆ ಅಳು ಬಂತು. ಮಾಸ್ತರನ ಪಾತ್ರಕ್ಕೆ ಅಲ್ಲಿ ಅಳು ಬರೆದಿರಲಿಲ್ಲ.

ಆಟ ಮುಗಿದ ಮೇಲೆ ಆ ಊರಿನ ಹಿರಿಯ ಕಲಾವಿದರೊಬ್ಬರು ಬಣ್ಣದ ಕೋಣೆಗೆ ಬಂದು ನನ್ನ ಕೈ ಕುಲುಕಿದರು. ಹೆಂಡತಿ ಗಂಡನ ಬಾಯಿ ಮುಚ್ಚುವ ಕಲ್ಪನೆ ಇದೆಯಲ್ಲ, ನಿರ್ದೇಶನವೆಂದರೆ ಅದು ಎಂದು ಬಾಯಿ ತುಂಬ ಹೊಗಳಿದರು. “ಅದು ನನ್ನದಲ್ಲ, ಇವರ ಕಲ್ಪನೆ,” ಎಂದು ಆಕೆಯತ್ತ ತೋರಿಸಿದೆ.

ಆಕೆ ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದರು. ಕನ್ನಡಿಯಿಂದ ಕಣ್ಣು ತೆಗೆಯದೆ ಕನ್ನಡದಲ್ಲಿ ನನಗೆ ಹೇಳಿದರು: “ಕಲ್ಪನಾ ಏನಿಲ್ರಿ ಸರ್. ಎಷ್ಟೋ ದಿನದ ಸಿಟ್ಟು.”