ಗುಳ್ಳೆಯಿಲ್ಲದ ಕಾಗದದ ಪಾಠ

ನಮ್ಮ ಕಣಿವೆಯ ಶಾಲೆಗಳಲ್ಲಿ ಚರಿತ್ರೆ ಕಲಿಸಿದವರು ಹಲವರಿದ್ದಾರೆ. ಆದರೆ ಎರಡನೆಯ ಮಹಾಯುದ್ಧವನ್ನು ಮಕ್ಕಳ ಅಂಗೈಗೆ ಅಂಟುವಂತೆ ಕಲಿಸಿದವರು ಶ್ರೀಮತಿ ಕುವಾಬಾರಾ ಶಿಜುಯೆ ಅವರೊಬ್ಬರೇ. ಈ ವಸಂತದಲ್ಲಿ ನಿವೃತ್ತರಾಗುತ್ತಿರುವ ಅವರ ವಿದ್ವತ್ತನ್ನು ಕುರಿತು ಬರೆಯಬಲ್ಲವರು ಈ ಅಭಿನಂದನ ಸಂಪುಟದಲ್ಲಿ ಬೇರೆ ಇದ್ದಾರೆ. ಇಲ್ಲಿ ಹೇಳಹೊರಟಿರುವುದು ಅವರ ಒಂದೇ ಒಂದು ಪಾಠದ ಕಥೆ.

ಅವರು ಕೆಲಸಕ್ಕೆ ಸೇರಿದ ಕಾಲಕ್ಕೆ ಯುದ್ಧದ ಪಾಠವೆಂದರೆ ಇಸವಿಗಳ ಸರಮಾಲೆ. ಶಿಜುಯೆ ಅವರು ಮೊದಲು ಕಾರಣ ಹೇಳುತ್ತಿದ್ದರು: ನಮ್ಮ ದೇಶಕ್ಕಿದ್ದ ತೈಲದ ಹಸಿವು, ಚೀನಾದ ನೆಲದ ಮೇಲಿನ ಆಸೆ, ಬೇಡವೆಂದವರ ಬಾಯಿಗೆ ಬಿದ್ದ ಬೀಗ. ಆಮೇಲೆ ಕೊನ್ಯಾಕು ಗೆಡ್ಡೆಯ ಅಂಟು ಕದಡಿ, ನಮ್ಮೂರ ಕೈಕಾಗದದ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಲು ಮಕ್ಕಳನ್ನು ಕೂರಿಸುತ್ತಿದ್ದರು. ಒಣಗಿದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿಯುವರು. ಒಂದು ಗುಳ್ಳೆ ಕಂಡರೂ "ಮತ್ತೆ ಮಾಡು" ಎಂಬ ಒಂದೇ ಮಾತು. ಗುಳ್ಳೆಯಿಲ್ಲದ ಹಾಳೆಯನ್ನು ಬಾಯ್ತುಂಬ ಹೊಗಳುವರು. ಆ ಹೊಗಳಿಕೆಗೆ ಮುಖಗಳು ಅರಳಿದಾಗ, ಯುದ್ಧದ ದಿನಗಳಲ್ಲಿ ತಾವೂ ಶಾಲಾ ಬಾಲಕಿಯಾಗಿ, ಹಣೆಗೆ ದೇಶಸೇವೆಯ ಪಟ್ಟಿ ಕಟ್ಟಿಕೊಂಡು, ಹಸಿವು ತಾಳದೆ ಅಂಟನ್ನೇ ಕದ್ದು ನೆಕ್ಕುತ್ತ, ಇಂಥದೇ ಹಾಳೆ ಅಂಟಿಸಿ ಇದೇ ಹೊಗಳಿಕೆ ಪಡೆದದ್ದನ್ನು ಹೇಳುವರು. ಗುಳ್ಳೆಯಿದ್ದರೆ ಅನಿಲ ಸೋರಿಹೋಗುವುದೆಂದು ಅಷ್ಟು ನಯವಾಗಿ ಅಂಟಿಸಿದ ಆ ಹಾಳೆಗಳು ಬಲೂನುಗಳಾಗಿ, ಬಾಂಬು ಹೊತ್ತು, ಗಾಳಿಯಲ್ಲಿ ಸಾಗರ ದಾಟಿದವು. ಅಮೆರಿಕದ ಕಾಡೊಂದಕ್ಕೆ ವಿಹಾರಕ್ಕೆ ಹೋಗಿದ್ದ ಮಕ್ಕಳು ಅಂಥದೊಂದನ್ನು ಕಂಡು ಹತ್ತಿರ ಹೋದರು. ಮತ್ತೆ ಮನೆಗೆ ಮರಳಲಿಲ್ಲ.

ಕಾಗದ ತಯಾರಕರ ಮುಖಂಡರಾದ ಓನುಕಿ ಗೆಂಪೇ ಅವರಿಗೆ ಈ ಪಾಠ ಸುತರಾಂ ಹಿಡಿಸಲಿಲ್ಲ. ಶಾಲೆಗೆ ಕಾಗದ ಕೊಡುವುದನ್ನು ನಿಲ್ಲಿಸಿದರು. ಟೀಚರನ್ನು ಎತ್ತಂಗಡಿ ಮಾಡಿಸುವುದಾಗಿ ಹೇಳಿಕಳಿಸಿದರು. ಕೊನೆಗೆ ತಾವೇ ಬಂದರು.

"ನಮ್ಮಪ್ಪ ಮಾಡಿದ ಕಾಗದ ಅದು. ಅದಕ್ಕೆ ರಕ್ತ ಮೆತ್ತಬೇಡಿ, ಟೀಚರ್."

"ನಿಮ್ಮಪ್ಪನವರ ಕಾಗದ ತುಂಬ ಚೆನ್ನಾಗಿತ್ತು," ಎಂದರು ಶಿಜುಯೆ. "ಚೆನ್ನಾಗಿತ್ತಲ್ಲ, ಅದಕ್ಕೇ ಅಷ್ಟು ದೂರ ಹೋಯ್ತು."

ಗೆಂಪೇ ಹೊರಟುಹೋದರು. ಎತ್ತಂಗಡಿ ಆಗಲಿಲ್ಲ, ಕಾಗದವೂ ಬರಲಿಲ್ಲ. ಅಂದಿನಿಂದ ಶಿಜುಯೆ ಅವರು ಪಕ್ಕದ ಕಣಿವೆಯಿಂದ ಕಾಗದವನ್ನು ಬಸ್ಸಿನಲ್ಲಿ ಹೊತ್ತು ತರುತ್ತಿದ್ದರು. ಹಟದಲ್ಲಿ ಗೆಂಪೇ ಒಂದು ಕೈ ಮೇಲಾದರೆ ಇವರು ಎರಡು ಕೈ ಮೇಲು. ಆದರೂ ತಮ್ಮ ನಂತರ ಈ ಪಾಠ ಉಳಿಯುವುದೇ ಎಂಬ ಚಿಂತೆ ಅವರನ್ನು ಕೊರೆಯುತ್ತಲೇ ಇತ್ತು.

ಕಳೆದ ವರ್ಷ ಅದೇ ಗೆಂಪೇ ಅವರ ಮೊಮ್ಮಗಳು ಮಿಯೋ ಆ ತರಗತಿಯಲ್ಲಿ ಕುಳಿತಳು. ಕಾಗದದವರ ಮನೆಯ ಮಗು, ಕೈ ಪಳಗಿತ್ತು. ಆದರೂ ಅವಳ ಹಾಳೆಯ ನಟ್ಟನಡುವೆ ಗುಳ್ಳೆ. ಮತ್ತೆ ಮಾಡಿಸಿದರು, ಅದೇ ಜಾಗದಲ್ಲಿ ಮತ್ತೆ ಗುಳ್ಳೆ.

"ನಿಂಗೆ ಅಂಟ್ಸೋಕೆ ಬರಲ್ವೇನೇ?"

"ಬರುತ್ತೆ ಟೀಚರ್. ಇದು ಎಲ್ಲಿಗೆ ಹೋಗುತ್ತೆ ಅಂತ ತಾತ ಮೊದ್ಲೇ ಹೇಳಿದ್ರು. ಹಾರಬಾರ್ದು ಅಂತ ನಾನೇ ಬಿಟ್ಟೆ."

ಶಿಜುಯೆ ಅವರ ಬಾಯಿಂದ ಅಂದು "ಮತ್ತೆ ಮಾಡು" ಎಂಬ ಮಾತು ಹೊರಡಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದುಕೊಂಡು, ಮಕ್ಕಳಿಗೆ ಬೆನ್ನು ಮಾಡಿ, ಕಣ್ಣೊರೆಸಿಕೊಂಡರು.

ಆ ಹಾಳೆ ಈಗ ಅವರ ಮನೆಯ ಕಿಟಕಿಯಲ್ಲಿದೆ. ಊರಿನ ಹಿರಿಯರ ಯುದ್ಧಕಾಲದ ನೆನಪುಗಳನ್ನು ಬರೆದಿಡಲು ಹೊರಟಿರುವ ಅವರನ್ನು ಗೆಂಪೇ ಅವರೇ ಮೊದಲು ಮನೆಗೆ ಕರೆದಿದ್ದಾರೆ. ಮಾನ್ಯ ಶಿಜುಯೆ ಅವರು ನೂರ್ಕಾಲ ಬಾಳಲಿ, ಆ ಬರವಣಿಗೆ ಪೂರ್ಣವಾಗಲಿ. ತನ್ನ ಕೈಕೆಲಸ ಎಲ್ಲಿಗೆ ಹೋಗುತ್ತದೆಂದು ತಿಳಿದು, ಬೇಕೆಂದೇ ಒಂದು ಗುಳ್ಳೆ ಬಿಡುವ ಮಗು ಪ್ರತಿ ತರಗತಿಯಲ್ಲೂ ಇರಲಿ.