ಅಣ್ಣನ ಎಂಜಿನ್

ಅವನು ಲೇತ್ ಕೆಲಸಗಾರ. ಎರಡು ವರ್ಷದಿಂದ ರಜೆಯ ದಿನಗಳನ್ನೆಲ್ಲ ಅಂಗಳದ ಶೆಡ್ಡಿನಲ್ಲಿ ಕಳೆದು ಒಂದು ಬೈಕು ಕಟ್ಟಿದ್ದ. ಚಕ್ರ ಒಂದರದು, ಟ್ಯಾಂಕು ಇನ್ನೊಂದರದು. ಎಂಜಿನ್ ಮಾತ್ರ ತೀರಿಕೊಂಡ ಅಣ್ಣನ ಬೈಕಿನದು.

"ಇದು ಬೈಕಲ್ಲ ಕಣ್ರೀ, ಕೂಡುಕುಟುಂಬ," ಎಂದು ಹೆಂಡತಿ ನಗುತ್ತಿದ್ದಳು.

"ಜಗಳ ಆಡದೆ ಓಡಿದ್ರೆ ಸಾಕು ಬಿಡೆ."

ಅಣ್ಣನ ಕಾಲದಲ್ಲೂ ಆ ಎಂಜಿನ್ ಗಾಡಿ ನಿಂತಲ್ಲೇ ಓಡುವಾಗ ಆಗಾಗ ತಡವರಿಸುತ್ತಿತ್ತು. ಸರಿಮಾಡುವುದು ಅವನಿಗೆ ಐದು ನಿಮಿಷದ ಕೆಲಸ. ಅಣ್ಣನ ಗುರುತೆಂದು ಹಾಗೇ ಬಿಟ್ಟಿದ್ದ.

ಭಾನುವಾರ ಬೆಳಿಗ್ಗೆ ಬೈಕನ್ನು ಅಂಗಳಕ್ಕೆ ತಂದು ಮೊದಲ ಸಲ ಕಿಕ್ ಹೊಡೆದ. ಸ್ಟಾರ್ಟ್ ಆಯಿತು, ಅದೇ ಹಳೆಯ ತಡವರಿಕೆಯ ಸದ್ದು. ಮರೆವಿನ ಕಾಯಿಲೆಯ ಅಮ್ಮ, ತಿಂಗಳುಗಳಿಂದ ಹಾಸಿಗೆ ಬಿಟ್ಟು ಏಳದಿದ್ದವಳು, ಗೋಡೆ ಹಿಡಿದುಕೊಂಡು ಬಂದು ಗೇಟು ತೆರೆದಳು.

"ದೊಡ್ಡೋನು ಬಂದ. ಭಾವಂಗೆ ತಟ್ಟೆ ಹಾಕೇ," ಎಂದು ಸೊಸೆಯನ್ನು ಕೂಗಿದಳು.

"ಅಮ್ಮ, ನಾನಮ್ಮ, ಚಿಕ್ಕೋನು."

"ನೀನು ಇಲ್ಲೇ ಇದ್ದೀಯಲ್ಲೋ. ಜರುಗು, ಅವನು ಒಳಗೆ ಬರ್ಲಿ."

ಅವನ ಕೈ ಕೀಲಿಯ ಮೇಲಿತ್ತು. ಎಂಜಿನ್ ಆರಿಸಿದರೆ ಅಮ್ಮ ದೊಡ್ಡ ಮಗ ಒಳಗೆ ಬರಲೆಂದು ಕಾಯುತ್ತಾಳೆ. ಹೊರಟರೆ ಮಗ ಉಣ್ಣದೆ ಹೋದನೆಂದು ಅಳುತ್ತಾಳೆ. ಎಂಜಿನ್ ಆರಿಸದೆ ಅವನು ಬೈಕಿನ ಮೇಲೆ ಹಾಗೇ ಕೂತ. ಒಳಗೆ ಹೆಂಡತಿ ತಟ್ಟೆ ಇಡುವ ಸದ್ದಾಯಿತು.