ಸುಡದೆ ಬಿಟ್ಟ ತರಗು

ನಾನು ಓದು ನಿಲ್ಲಿಸಿದ್ದು 1991ರಲ್ಲಿ, ಎಂಟನೇ ಕ್ಲಾಸಿನ ನಡುವೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಹೈಸ್ಕೂಲಿನ ಬೆಂಚಿನ ಮೇಲೆ ಕೂತರೆ ನನಗೆ ಕಾಲು ಜೋಮು ಹಿಡಿಯುತ್ತಿತ್ತು. ಗದ್ದೆಯಲ್ಲಿ ಇಡೀ ದಿನ ನಿಂತರೂ ಹಿಡಿಯುತ್ತಿರಲಿಲ್ಲ. ಯಾವುದು ನನ್ನ ಜಾಗ ಅಂತ ಕಾಲೇ ಹೇಳಿತು.

ಅಲ್ಲಿಂದ ಇಲ್ಲಿಯವರೆಗೆ ದುಡಿಮೆಗಾರ ಅಂತ ನನಗೆ ಹೆಸರು. ನಮ್ಮೂರು ಭಾರತೀನಗರಕ್ಕೆ ಹತ್ತಿರ, ನಾಲೆಯ ಕೆಳಗಿನ ಕಬ್ಬಿನ ಸೀಮೆ. ಹೊತ್ತು ಮೂಡುವ ಮುಂಚೆ ಗದ್ದೆಯಲ್ಲಿ ಬಗ್ಗಿದ ಬೆನ್ನು ಕಂಡರೆ ಅದು ನನ್ನದೇ ಅಂತ ದಾರಿಯಲ್ಲಿ ಹೋಗುವವರು ಮುಖ ನೋಡದೆ ಹೇಳುತ್ತಿದ್ದರು. ಅಪ್ಪಂದಿರು ಮಕ್ಕಳಿಗೆ ನನ್ನನ್ನು ತೋರಿಸಿ ಬೈಯುವುದು ಕಿವಿಗೆ ಬಿದ್ದರೆ ನಾನು ಇನ್ನೂ ಸ್ವಲ್ಪ ಬಗ್ಗುತ್ತಿದ್ದೆ. ಸುಳ್ಳು ಯಾಕೆ, ಆ ಹೆಸರು ನನಗೆ ಊಟಕ್ಕಿಂತ ರುಚಿ.

ಆ ಹೆಸರು ಹೋಗುವ ಹಂತಕ್ಕೆ ಬಂದದ್ದು ಒಂದು ಬೆಂಕಿಕಡ್ಡಿ ಗೀರದ ಕಾರಣಕ್ಕೆ.

ಕಬ್ಬು ಕಡಿದು ಲಾರಿ ಆಚೆ ಹೋದಮೇಲೆ ಗದ್ದೆಯಲ್ಲಿ ಮೊಣಕಾಲೆತ್ತರ ಒಣಗಿದ ಎಲೆ ಉಳಿಯುತ್ತದೆ. ಅದನ್ನು ತರಗು ಅನ್ನುತ್ತೇವೆ. ಕಡಿದ ಬುಡದಿಂದ ಮತ್ತೆ ಚಿಗುರುವ ಬೆಳೆಗೆ ಕೂಳೆ ಅಂತ ಹೆಸರು. ಕೂಳೆಗೆ ಮೊದಲ ಕೆಲಸ ತರಗು ಸುಡುವುದು. ಕಡ್ಡಿ ಗೀರಿದರೆ ಸಾಕು, ಬೀಡಿ ಸೇದಿ ಮುಗಿಸುವಷ್ಟರಲ್ಲಿ ಗದ್ದೆ ಗುಡಿಸಿದ ಅಂಗಳದ ಹಾಗೆ, ಆದರೆ ಕರ್ರಗೆ. ಸುಟ್ಟವನು ಕೆಲಸ ಶುರು ಮಾಡಿದ ಅಂತ ಲೆಕ್ಕ. ತರಗು ಹಾಗೇ ಬಿದ್ದಿದ್ದರೆ ಆ ಮನೆಯಲ್ಲಿ ಯಾರಿಗೋ ಕಾಯಿಲೆ, ಇಲ್ಲವೇ ಅಣ್ಣತಮ್ಮಂದಿರು ಭಾಗಕ್ಕಾಗಿ ಕೋರ್ಟು ಹತ್ತಿದ್ದಾರೆ, ಇಲ್ಲವೇ ಯಜಮಾನ ಸೋಂಬೇರಿ. ಬೇರೆ ಕಾರಣ ನಮ್ಮೂರಿನಲ್ಲಿ ಇನ್ನೂ ಯಾರೂ ಕಂಡುಹಿಡಿದಿರಲಿಲ್ಲ.

ನನ್ನ ಹೆಂಡತಿ ಮಳವಳ್ಳಿಯಿಂದಾಚೆ, ನಾಲೆ ನೀರು ಎಲ್ಲರಿಗೂ ಆಗಿ ಉಳಿದರೆ ಮಾತ್ರ ತಲುಪುವ ಊರಿನವಳು. ನೀರು ಅಂದರೆ ಅವಳಿಗೆ ನೆಂಟರಿದ್ದ ಹಾಗೆ, ಬಂದದ್ದನ್ನು ಸುಮ್ಮನೆ ಕಳಿಸಬಾರದು. ಅಕ್ಕಿ ತೊಳೆದ ನೀರು ಹಸುವಿಗೆ, ಪಾತ್ರೆ ತೊಳೆದ ನೀರು ಬಾಳೆಗೆ. ನಾನು ನಮ್ಮ ಸರದಿ ಬಂದಾಗ ನೀರು ಬದು ಮೀರಿ ರಸ್ತೆಗೆ ಹರಿದರೆ ಮಾತ್ರ ಗದ್ದೆ ಕುಡಿಯಿತು ಅಂತ ನಂಬುವವನು. ಮದುವೆಯಾದಾಗಿನಿಂದ ನಮ್ಮಿಬ್ಬರ ಜಗಳ ಬಹುಪಾಲು ಇದೇ ಒಂದು.

ಒಂದು ಸಲ ಅವಳು ಹೆಂಗಸರ ಸಂಘದವರ ಜೊತೆ ಮಂಡ್ಯಕ್ಕೆ ತರಬೇತಿಗೆ ಹೋಗಿ ಬಂದಳು. ಬಂದವಳು ಕಾಲು ಕೂಡ ತೊಳೆಯಲಿಲ್ಲ, ಜಗಲಿ ಮೇಲೆ ಕೂತು ಶುರು ಮಾಡಿದಳು.

"ಈ ಸಲ ತರಗು ಸುಡಬ್ಯಾಡಿ. ಸಾಲಿನ ಮಧ್ಯಕ್ಕೆ ಎಳೆದು ಆಸಿ. ಅದೇ ಕೊಳೆತು ಗೊಬ್ಬರ ಆಯ್ತದೆ, ಅಡೀಲಿ ತೇವ ನಿಲ್ತದೆ."

"ಸುಮ್ಕಿರು. ನಮ್ಮಪ್ಪ ಸುಡ್ತಿದ್ದ, ಅವರಪ್ಪ ಸುಡ್ತಿದ್ದ."

"ನಿಮ್ಮಪ್ಪನ ಕಾಲ್ದಲ್ಲಿ ಕೊಟ್ಟಿಗೆ ತುಂಬ ದನ ಇದ್ವು. ತಿಪ್ಪೆ ಗೊಬ್ಬರ ಗದ್ದೆಗೆ ಓಯ್ತಿತ್ತು. ನಿಮ್ತವ ಏನದೆ? ಬರೀ ಬೆಂಕಿಪಟ್ಣ. ನಮ್ಮ ಗೊಬ್ಬರಕ್ಕೆ ನಾವೇ ಬೆಂಕಿ ಆಕಿ, ಆಮೇಲೆ ಸೊಸೈಟಿ ಮುಂದೆ ಚಪ್ಪಲಿ ಸಾಲಿಗಿಟ್ಟು ಯೂರಿಯಾಕ್ಕೆ ಕಾಯ್ತೀವಿ. ಇಂಥ ಬುದ್ವಂತ್ರು ಇನ್ನೆಲ್ಲವ್ರೆ ಏಳಿ?"

ಚಪ್ಪಲಿ ಮಾತು ಚುಚ್ಚಿತು. ಹಿಂದಿನ ವಾರವಷ್ಟೇ ಅಲ್ಲಿ ನನ್ನ ಎಡಗಾಲಿನ ಚಪ್ಪಲಿ ಕಳೆದಿತ್ತು. ಆದರೂ ನಾನು ಜಗ್ಗಲಿಲ್ಲ. ಆಗ ಅವಳು ಕೊನೆಯ ಮಾತು ಹೇಳಿದಳು.

"ನೀವು ಗದ್ದೆಗೆ ಕಡ್ಡಿ ಗೀರಿದ ದಿನ ನಾನು ಒಲೆಗೆ ಗೀರಕ್ಕಿಲ್ಲ. ಒಟ್ಟೆಗೆ ಅದೇನ್ ತಿಂತೀರೋ ತಿನ್ನಿ."

ನಮ್ಮ ಮನೆಯಲ್ಲಿ ಒಲೆ ಹೋಗಿ ಗ್ಯಾಸು ಬಂದು ಎಷ್ಟೋ ಕಾಲವಾಗಿದೆ. ಅದನ್ನು ಎತ್ತಿ ತೋರಿಸುವ ಧೈರ್ಯ ನನಗೆ ಬರಲಿಲ್ಲ.

ತರಗು ಎಳೆದು ಹಾಸುವುದು ಸುಡುವುದಕ್ಕಿಂತ ನೂರು ಪಾಲು ಕಷ್ಟ. ಒಂದು ಸಾಲು ಬಿಟ್ಟು ಒಂದು ಸಾಲಿಗೆ ಎಳೆಯಬೇಕು, ಬುಡ ಬಿಡಿಸಬೇಕು. ಮೈಯೆಲ್ಲ ಕೆರೆತ. ಇಷ್ಟು ಬೆವರು ಸುರಿಸಿದ್ದು ದಾರಿಯಲ್ಲಿ ಹೋಗುವವನ ಕಣ್ಣಿಗೆ ಹೇಗೆ ಕಂಡಿತು? ತರಗು ಬಿದ್ದ ಜಾಗದಲ್ಲೇ ಬಿದ್ದಿರುವ ಹಾಗೆ. ಸುತ್ತಲ ಗದ್ದೆಗಳೆಲ್ಲ ಕಪ್ಪಗೆ ಶಿಸ್ತಾಗಿವೆ, ನನ್ನದೊಂದು ಮಾತ್ರ ಎದ್ದ ಹಾಸಿಗೆ ಮಡಿಸದವನ ಮನೆಯಂತೆ.

ಟೀ ಅಂಗಡಿಯಲ್ಲಿ ವಿಚಾರಣೆ ನಡೆಯಿತು. ನಾನು ಸೋಂಬೇರಿಯಲ್ಲ, ಅದು ಊರಿಗೇ ಗೊತ್ತು. ಅಣ್ಣತಮ್ಮಂದಿರು ನನಗಿಲ್ಲ. ಹಾಗಾದರೆ ಉಳಿದದ್ದು ಕಾಯಿಲೆ. ಸಂಜೆಯೊಳಗೆ ನನ್ನ ಸೊಂಟ ಬಿದ್ದುಹೋಗಿದೆ ಅಂತ ತೀರ್ಮಾನವಾಯಿತು. ವರಸೆಯಲ್ಲಿ ದೊಡ್ಡಪ್ಪ ಆಗಬೇಕಾದ ಮುದುಕರೊಬ್ಬರು ಒಂದು ಬಾಟಲಿ ಎಣ್ಣೆ ಹಿಡಿದು ಮನೆಗೇ ಬಂದರು.

"ಮುಚ್ಚಿಡಬ್ಯಾಡ ಕಣ್ಲಾ ಮಗ. ಕತ್ತೆ ದುಡ್ದಂಗೆ ದುಡುದ್ರೆ ಸೊಂಟ ಇನ್ನೇನಾದಾತು? ಬಿಸಿ ಮಾಡಿ ತಿಕ್ಕುಸ್ಕೊ."

"ಏನಿಲ್ಲ ದೊಡ್ಡಪ್ಪ, ಚೆನ್ನಾಗಿವ್ನಿ."

"ಚೆನ್ನಾಗಿದ್ರೆ ತರಗು ಯಾಕ್ ಸುಟ್ಟಿಲ್ಲ?"

ಹೆಂಡತಿ ಬೇಡ ಅಂದಳು ಅಂತ ಹೇಳಬೇಕಿತ್ತು. ಅದರ ಬದಲು ಎಣ್ಣೆ ಇಸಿದುಕೊಂಡೆ. ನನ್ನ ಹೆಂಡತಿ ಒಳಗಿನಿಂದ ಸೆರಗು ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದಳು.

ಪಕ್ಕದ ಗದ್ದೆಯವನು ನನಗೆ ಭಾವನಾಗಬೇಕು, ವಯಸ್ಸಿನಲ್ಲಿ ಒಂದೇ, ಅವನೂ ನನ್ನನ್ನು ಭಾವ ಅಂತಲೇ ಕರೆಯುತ್ತಾನೆ. ಬಾಯಿ ಕೆಟ್ಟದು, ಮನಸ್ಸು ಬೆಣ್ಣೆ. ಸೊಂಟದ ಸುದ್ದಿ ಕೇಳಿ ಅವನಿಗೆ ತಡೆಯಲಾಗಲಿಲ್ಲವಂತೆ. ನಾನು ಹಸುವಿನ ಹಿಂಡಿ ತರಲು ಭಾರತೀನಗರಕ್ಕೆ ಹೋಗಿದ್ದ ದಿನ, ನನಗೆ ಉಪಕಾರ ಮಾಡೋಣ ಅಂತ ಬೆಂಕಿಪಟ್ಟಣ ತೆಗೆದುಕೊಂಡು ನನ್ನ ಗದ್ದೆಗೆ ಇಳಿದಿದ್ದಾನೆ. ನಮ್ಮ ಕಡೆ ಇಂಥ ಸಹಾಯ ಕೇಳಿ ಮಾಡುವ ಪದ್ಧತಿ ಇಲ್ಲ.

ಮೊಪೆಡ್ಡಿನಲ್ಲಿ ಬರುತ್ತಿದ್ದ ನನಗೆ ರಸ್ತೆ ಮಗ್ಗುಲಿನ ಮೂಲೆಯಲ್ಲಿ ಹೊಗೆ ಕಂಡಿತು. ಭಾವ ಉರಿಯುವ ತರಗಿನ ಹಿಡಿ ಎತ್ತಿಕೊಂಡು ಬದುವಿನ ಮೇಲೆ ಮೆರವಣಿಗೆ ಹೊರಟವನ ಹಾಗೆ ನಡೆಯುತ್ತಿದ್ದ.

"ಲೇ, ನಿಂತ್ಕಳ್ಳಾ! ಬ್ಯಾಡ ಕಣ್ಲಾ!"

"ಬಿಸ್ಲಲ್ಲಿ ನೀನ್ಯಾಕ್ ಬಂದೆ ಬಾವ? ಓಗು, ಮನೇಲಿ ಮಲಿಕ್ಕೊ. ನಾನ್ ಮುಗಿಸ್ಬುಡ್ತೀನಿ."

ಮೊಪೆಡ್ಡನ್ನು ಹಿಂಡಿ ಮೂಟೆ ಸಮೇತ ರಸ್ತೆಗೆ ಬಿಟ್ಟು ಕಾಲುವೆ ಹಾರಿದೆ. ಬೆಂಕಿ ಬಡಿಯಲು ಕೈಯಲ್ಲಿ ಏನೂ ಇಲ್ಲ. ಪಂಚೆ ಬಿಚ್ಚಿ, ಕಾಲುವೆಯಲ್ಲಿ ಅದ್ದಿ ಬಡಿಯತೊಡಗಿದೆ. ಪಟಾಪಟಿ ಚಡ್ಡಿಯಲ್ಲಿ ಆ ಕಡೆ ನೆಗೆದು ಬಡಿದೆ, ಈ ಕಡೆ ನೆಗೆದು ಬಡಿದೆ. ಎದುರು ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರೆಲ್ಲ ಎದ್ದು ನಿಂತರು. ಅವರಲ್ಲೊಬ್ಬಳು ಕೂಗಿ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

"ಅಯ್ಯೋ, ಎಣ್ಣೆ ಎಂಗ್ ಕೆಲ್ಸ ಮಾಡ್ತದೆ ನೋಡ್ರಮ್ಮಾ!"

ಒಂದು ಸಾಲು ಬಿಟ್ಟು ಒಂದು ಸಾಲಿಗೆ ಹಾಸಿದ್ದರಿಂದ ಬೆಂಕಿ ಓಡಲಿಲ್ಲ, ಆರಿತು. ಮೂಲೆಯ ಒಂದು ತುಂಡು ಮಾತ್ರ ಸುಟ್ಟಿತ್ತು. ಪಂಚೆ ಜರಡಿಯಾಗಿತ್ತು. ಭಾವ ನನ್ನ ಸೊಂಟವನ್ನೇ ನೋಡುತ್ತ ನಿಂತಿದ್ದ.

"ಅಂಗಾರೆ ನಿಂಗೇನೂ ಆಗಿಲ್ಲ?"

"ಇಲ್ಲ."

"ಮತ್ತೆ ಬರೀ ಸೋಂಬೇರಿತನವಾ?" ಅಂದ. ಆ ದನಿಯಲ್ಲಿ ನಿಜವಾದ ಸಂಕಟವಿತ್ತು.

ಅವತ್ತಿನಿಂದ ಅಪ್ಪಂದಿರು ಮಕ್ಕಳಿಗೆ ಬೈಯುವಾಗ ನನ್ನನ್ನು ಕೈಬಿಟ್ಟರು.

ಗದ್ದೆಯ ಮಾತು ಹೇಳಬೇಕೆಂದರೆ, ಎಲ್ಲವೂ ಸಲೀಸಾಗಲಿಲ್ಲ. ಅಲ್ಲಲ್ಲಿ ಕೂಳೆ ತರಗಿನಡಿ ಸಿಕ್ಕಿ ಬೆಳ್ಳಗೆ ಬಾಡಿತ್ತು, ಬೆರಳಲ್ಲಿ ಬಿಡಿಸಿದೆ. ಇಲಿಗಳು ಸಂಸಾರ ಸಮೇತ ಬಂದು ಒಕ್ಕಲಾದವು. ನಾನು ಹೆಂಡತಿಯನ್ನು ಆಡಿಕೊಂಡೆ. ಅವಳು, "ಇಲಿಗಾದ್ರೂ ಒಳ್ಳೇ ಜಾಗ ಯಾವ್ದು ಅಂತ ಗೊತ್ತಾಯ್ತಲ್ಲ" ಅಂದಳು.

ಆಮೇಲೆ ಬೇಸಿಗೆ ಕಚ್ಚಿಕೊಂಡಿತು, ನಾಲೆಯ ಸರದಿ ಹಿಂದೆ ಹಿಂದೆ ಹೋಯಿತು. ಭಾವನ ಗದ್ದೆ ಬಿರುಕು ಬಿಟ್ಟಿತು. ನನ್ನ ತರಗಿನಡಿ ಕೈ ತೂರಿಸಿದರೆ ತಣ್ಣಗೆ, ಬೆಳಿಗ್ಗೆ ಹಸುವಿನ ಮೂತಿ ಮುಟ್ಟಿದ ಹಾಗೆ. ಎರೆಹುಳು ಕಂಡೆ. ನಮ್ಮ ಗದ್ದೆಯಲ್ಲಿ ಅದನ್ನು ಕೊನೆಯ ಸಲ ಕಂಡದ್ದು ಚಿಕ್ಕವನಿದ್ದಾಗ ಗಾಳ ಹಾಕಲು ಅಗೆದಾಗ. ಇಷ್ಟು ವರ್ಷ ನಾನು ಬೆನ್ನು ಬಗ್ಗಿಸಿ ಮಾಡಿದ ಕೆಲಸದಲ್ಲಿ ಎಷ್ಟೋ ಪಾಲು, ನಾನೇ ಇಟ್ಟ ಬೆಂಕಿಯ ಹಿಂದೆ ಓಡಿದ ಕೆಲಸ ಅಂತ ಆಗ ಅನ್ನಿಸಿತು. ಸುಟ್ಟು ಬರಿದು ಮಾಡಿದ ನೆಲದಲ್ಲಿ ಕಳೆ, ಕಳೆಗೆ ಗುದ್ದಲಿ, ಒಣಗಿದ ಮಣ್ಣಿಗೆ ನೀರು, ಬಡವಾದ ಮಣ್ಣಿಗೆ ಯೂರಿಯಾ.

ಇದರಿಂದ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಕಳೆ ಇಲ್ಲ. ಬೆಳಿಗ್ಗೆ ಗುದ್ದಲಿ ಹೆಗಲಿಗಿಟ್ಟು ಹೋದರೆ ಗದ್ದೆಯಲ್ಲಿ ನನಗೆ ಕೆಲಸವೇ ಇಲ್ಲ. ಸುಮ್ಮನೆ ನಿಂತರೆ ನೋಡಿದವರು ಏನಂದಾರು? ಕಳೆ ಬಂದಿದ್ದದ್ದು ಸುಟ್ಟುಹೋದ ಆ ಮೂಲೆಯಲ್ಲಿ ಮಾತ್ರ. ದೇವರ ದಯೆ, ಅದು ರಸ್ತೆ ಪಕ್ಕದಲ್ಲೇ ಇತ್ತು. ದಿನಾ ಅಲ್ಲಿ ಹೋಗಿ ಬಗ್ಗುತ್ತಿದ್ದೆ. ಬಸ್ಸು ಬರುವ ಹೊತ್ತಿಗೆ ಇನ್ನೂ ಜೋರಾಗಿ ಕೆತ್ತುತ್ತಿದ್ದೆ. ಹೆಸರು ಮೆಲ್ಲಗೆ ಚೇತರಿಸಿಕೊಳ್ಳತೊಡಗಿತು.

ಊಟ ತಂದ ಹೆಂಡತಿ ಒಂದು ದಿನ ಬದುವಿನ ಮೇಲೆ ನಿಂತು ನೋಡಿದಳು.

"ಆ ಮೂಲೆ ಏನ್ ಪಾಪ ಮಾಡಿತ್ತು? ಕೆತ್ತಿ ಕೆತ್ತಿ ಬೋಳು ಮಾಡ್ಬುಟ್ರಲ್ಲ. ಯಾರಿಗ್ ತೋರ್ಸಕ್ಕೆ?"

ನಾನು ಗುದ್ದಲಿ ಕೆಳಗಿಟ್ಟು ಊಟಕ್ಕೆ ಕೂತೆ. ಅವಳು ಕೇಳಿದ್ದು ಮನಸ್ಸಿನಲ್ಲೇ ಉಳಿಯಿತು.

ಮರುವರ್ಷ ಕಬ್ಬು ಕಡಿದಾಯಿತು. ಟೀ ಅಂಗಡಿಯಲ್ಲಿ ಎಲ್ಲರೂ ಇದ್ದರು. ಭಾವ ಕೇಳಿದ.

"ಏನ್ ಬಾವ, ಈ ವರ್ಸನಾದ್ರೂ ಸುಡ್ತೀಯೋ? ಇಲ್ಲ, ಮತ್ತೆ ಚಡ್ಡೀಲಿ ಕುಣೀತೀಯೋ?"

"ಸುಡಕ್ಕಿಲ್ಲ," ಅಂದೆ. "ನನ್ನೆಂಡ್ತಿ ಬ್ಯಾಡ ಅಂದವ್ಳೆ. ಓದ್ವರ್ಸನೂ ಅವಳೇ ಅಂದಿದ್ಲು. ನಾನು ಕೇಳ್ದೆ."

ಬೆಂಚಿನ ಮೇಲಿದ್ದವರು ಲೋಟ ಕೆಳಗಿಟ್ಟರು. ದೊಡ್ಡಪ್ಪ ಬಾಯಿ ಒರೆಸಿಕೊಂಡರು.

"ಅಂಗಾರೆ ಇನ್ಮ್ಯಾಕೆ ಮುದ್ದೆನೂ ನೀನೇ ತಿರುವ್ತೀಯೇನ್ಲಾ?"

"ತಿರುವ್ತೀನಿ ದೊಡ್ಡಪ್ಪ. ಗದ್ದೇಲಿ ಕೆಲ್ಸ ಇಲ್ವಲ್ಲ, ಒತ್ತು ಓಗ್ಬೇಕಲ್ಲ."

ನಗು ಎದ್ದಿತು. ನಗಲಿ ಅಂತ ಟೀ ಮುಗಿಸಿದೆ. ಭಾವ ಮಾತ್ರ ನಗುತ್ತಲೇ ನನ್ನ ಹಿಂದೆ ಗದ್ದೆಯವರೆಗೆ ಬಂದು, ಬಗ್ಗಿ ಮಣ್ಣು ಕೆದಕಿ ನೋಡಿ ಹೋದ. ಆ ವಾರ ಅವನ ಗದ್ದೆಯಲ್ಲಿ ಅರ್ಧ ಸುಟ್ಟಿತ್ತು, ಅರ್ಧ ಹಾಗೇ ಇತ್ತು. ಕೇಳಿದರೆ ಬೆಂಕಿಪಟ್ಟಣ ಮುಗಿದುಹೋಯಿತು ಅಂತ ಹೇಳಿದ.

ಈಗ ನನಗಿರುವುದು ಎರಡೂವರೆ ಎಕರೆ ಗದ್ದೆ, ಎಲ್ಲೂ ಸುಟ್ಟಿಲ್ಲ. ಎರಡು ಸೀಮೆಹಸು, ಒಂದು ಎಮ್ಮೆ. ಬದುವಿನ ಮೇಲೆ ಹನ್ನೊಂದು ತೆಂಗಿನ ಮರ, ಎರಡು ಹೊಂಗೆ. ಮಧ್ಯಾಹ್ನ ಆ ಹೊಂಗೆಯ ನೆರಳಲ್ಲಿ, ದಾರಿಯಲ್ಲಿ ಹೋಗುವವರಿಗೆ ಕಾಣುವ ಹಾಗೆ, ಒಂದು ಗಂಟೆ ನಿದ್ದೆ.